ಕಳೆದದ್ದು: ಸೊನ್ನೆ

ಫೆಬ್ರವರಿ ೪, ಶನಿವಾರ

ಇವತ್ತೂ ಅಕ್ಕನ ಮನೆಗೆ ಹೋಗಿ ಸುಮ್ಮನೆ ಕೂತು ಬಂದೆ. ಎರಡು ಬಸ್ಸು ಬದಲಾಯಿಸಿ, ಸೇತುವೆಯ ಮೇಲಿನ ಹೊಗೆಯನ್ನೆಲ್ಲ ಕುಡಿದು ಹೋದರೆ ಅಪ್ಪ ಗೊರಕೆ ಹೊಡೆಯುತ್ತಿದ್ದರು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದಳು. ನಾನು ಕಿಟಕಿ ಪಕ್ಕದ ಕುರ್ಚಿ ಹಿಡಿದು ಎದುರು ಮನೆಯ ಬಾಲ್ಕನಿಯಲ್ಲಿ ಒಣಗುವ ಬಟ್ಟೆ ನೋಡಿದೆ. ಬಟ್ಟೆ ಒಣಗಿತು. ನಾನು ಹೊರಟೆ. ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗಿನಿಂದ ಹೀಗೆಯೇ. ಶನಿವಾರ ನನ್ನ ಪಾಳಿ, ಮಿಕ್ಕ ದಿನಗಳು ಅಕ್ಕನವು. ಭಾವನಿಗೆ ಹಡಗಿನಲ್ಲಿ ಕೆಲಸ, ವರ್ಷದಲ್ಲಿ ಅರ್ಧ ಸಮುದ್ರದ ಮೇಲೆ.

ನಡುವೆ ಒಮ್ಮೆ ಅಪ್ಪ ಕಣ್ಣು ಬಿಟ್ಟು, ಒಂದೊಂದೇ ಪದ ಹುಡುಕಿ ಜೋಡಿಸುತ್ತಾ, ನನ್ನ ಕೆಲಸ ಏನೆಂದು ಕೇಳಿದರು. ನೂರನೇ ಸಲ ಇರಬಹುದು. ನಾನೂ ನೂರನೇ ಸಲ ಹೇಳಿದೆ. "ಒಂದು ದೊಡ್ಡ ಕಂಪ್ಯೂಟರ್ ಹೊಟ್ಟೇಲಿ ಹತ್ತಾರು ತೋರಿಕೆ ಕಂಪ್ಯೂಟರ್ ಇರ್ತವೆ ಅಪ್ಪ. ಅವಕ್ಕೆ ಬರೋ ಹೋಗೋ ಟಪಾಲು, ಪ್ಯಾಕೆಟ್ ಅಂತೀವಿ, ಅದನ್ನ ಹಂಚೋದು ನಮ್ಮ ಸಾಫ್ಟ್‌ವೇರು. ಬಂದ ಟಪಾಲನ್ನ ಒಂದು ಕ್ಷಣ ಇಳಿಸ್ಕೊಳ್ಳೋಕೆ ಮೆಮೊರೀಲಿ ಜಾಗ ಬೇಕು. ಆ ಜಾಗ ಒಂದೊಂದಕ್ಕೂ ಮೊದಲೇ ಎತ್ತಿಡೋದಾ, ಬಂದಾಗ ನೋಡ್ಕೊಳ್ಳೋದಾ, ಅದೇ ನಮ್ಮ ಜಗಳ."

"ಎತ್ತಿಟ್ರೆ ಏನಾಗುತ್ತೆ?" ಎಂದರು.

"ದಂಡ ಆಗುತ್ತೆ ಅಪ್ಪ. ಮುಕ್ಕಾಲು ಪಾಲು ಸುಮ್ನೆ ಬಿದ್ದಿರುತ್ತೆ."

ನನ್ನ ಉತ್ತರ ಮುಗಿಯುವಷ್ಟರಲ್ಲಿ ಗೊರಕೆ ಮತ್ತೆ ಶುರುವಾಗಿತ್ತು.

ಬರುವಾಗ ಕೋಟು ಕೊಟ್ಟು ಬಂದೆ, ತೋಳು ಉದ್ದವಾಗಿದೆ. "ಕೈಲಿರೋದು ಮುಗಿಲಿ ಕಣೇ, ಹದಿನೈದನೇ ತಾರೀಖು ಯಾರ ಕೈಲಾದ್ರೂ ಕಳಿಸ್ತೀನಿ" ಎಂದಳು ಅಕ್ಕ. ಹೇಳಿದ ದಿನಕ್ಕೆ ಕೊಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಫೆಬ್ರವರಿ ೭, ಮಂಗಳವಾರ

ಬಾಯಿ ಮುಚ್ಚಿಕೊಂಡು ಇರಬಾರದಿತ್ತೆ ನಾನು?

ಮೀಟಿಂಗಿನಲ್ಲಿ ಗಡಿಯಾರ ಸರ್ (ನಮ್ಮ ತಂಡದ ಮುಖ್ಯಸ್ಥರು, ಮಾತಿಗೊಮ್ಮೆ ಗೋಡೆಯ ಗಡಿಯಾರ ನೋಡುವುದರಿಂದ ಈ ಹೆಸರು, ಇಟ್ಟವಳು ನಾನೇ) ಹೊಸ ಗಿರಾಕಿಯ ಸುದ್ದಿ ತಂದರು. ಆಂಬ್ಯುಲೆನ್ಸಿಗೆ ಜನ ಫೋನ್ ಮಾಡುತ್ತಾರಲ್ಲ, ಆ ಕರೆಗಳನ್ನು ಎತ್ತುವ ಕೇಂದ್ರ. ಅವರ ವ್ಯವಸ್ಥೆಯೆಲ್ಲ ನಮ್ಮ ತೋರಿಕೆ ಕಂಪ್ಯೂಟರುಗಳ (ವರ್ಚುವಲ್ ಮಷೀನುಗಳ) ಮೇಲೆ ಬರುತ್ತದಂತೆ. ಆದರೆ ಅವರ ಹತ್ತಿರ ಇರುವ ದೊಡ್ಡ ಕಂಪ್ಯೂಟರುಗಳು ಕಡಿಮೆ. ಒಂದೊಂದರಲ್ಲೂ ಈಗಿರುವುದಕ್ಕಿಂತ ಹೆಚ್ಚು ಮಷೀನು ತುರುಕಬೇಕು. ಹೇಗೆ ಎಂದು ಸುತ್ತ ನೋಡಿದರು. ಎಲ್ಲರೂ ಮೇಜು ನೋಡಿದರು. ನಾನು ಕೈ ಎತ್ತಿದೆ.

ಪ್ರತಿ ಮಷೀನಿಗೂ ಮೊದಲೇ ಕಟ್ಟಿಟ್ಟ ಜಾಗ ತೆಗೆದುಹಾಕೋಣ, ಎಲ್ಲಕ್ಕೂ ಸೇರಿ ಒಂದೇ ಪೂಲ್ ಇಡೋಣ, ಬೇಕಾದವರು ಬೇಕಾದಾಗ ತೆಗೆದುಕೊಂಡು ಕೆಲಸವಾದ ಮೇಲೆ ವಾಪಸ್ ಹಾಕಲಿ ಎಂದೆ. ಎಲ್ಲರಿಗೂ ಒಟ್ಟಿಗೇ ಅವಸರ ಬರುವುದು ಎಲ್ಲಾದರೂ ಉಂಟೇ ಎಂದೂ ಸೇರಿಸಿದೆ. ಗಡಿಯಾರ ಸರ್ ಗಡಿಯಾರ ನೋಡುವುದನ್ನೇ ಮರೆತರು.

ಟೆಸ್ಟಿಂಗಿನ ಅನುಮಾನಮ್ಮ ಮಾತ್ರ ಕನ್ನಡಕ ಮೂಗಿನ ತುದಿಗೆ ಇಳಿಸಿ, "ಬಂದ್ರೆ?" ಎಂದರು. ಅವರು ತಮ್ಮ ಕನ್ನಡಕವನ್ನೇ ನಂಬದ ಹೆಂಗಸು.

"ಬಂದ್ರೆ ಒಂದೆರಡು ಪ್ಯಾಕೆಟ್ ಕಳೀತವೆ. ಎಷ್ಟು ಕಳೆದ್ವು ಅಂತ ಲೆಕ್ಕ ತೋರಿಸುತ್ತೆ. ಜಾಸ್ತಿ ಆದ್ರೆ ಪೂಲ್ ದೊಡ್ದು ಮಾಡೋಣ" ಎಂದೆ. ನೀರು ಕುಡಿದಷ್ಟು ಸುಲಭವಾಗಿ ಹೇಳಿಬಿಟ್ಟೆ. ಬಸ್ಸಿನಲ್ಲಿ ಬರುವಾಗ ಒಂದು ಆಂಬ್ಯುಲೆನ್ಸ್ ಪಕ್ಕದಲ್ಲಿ ಕೂಗುತ್ತಾ ಹೋಯಿತು. ಕಣ್ಮರೆಯಾಗುವವರೆಗೆ ಅದನ್ನೇ ನೋಡುತ್ತಿದ್ದೆ.

ಫೆಬ್ರವರಿ ೧೧, ಶನಿವಾರ

ಅಕ್ಕನ ಹತ್ತಿರ ಮಾತಾಡಿದೆ. ವಾರದಿಂದ ಹೇಳಬೇಕೆಂದಿದ್ದೆ, ನಾಲಿಗೆಯ ತುದಿಯಲ್ಲೇ ಇತ್ತು. "ನಾನು ಪ್ರತಿ ಶನಿವಾರ ಬಂದು ಕುರ್ಚಿ ಬಿಸಿ ಮಾಡೋದ್ರಿಂದ ಯಾರಿಗೇನು ಲಾಭ ಅಕ್ಕ? ಅಪ್ಪ ಮಲಗಿರ್ತಾರೆ, ನೀನು ಹೊಲೀತಾ ಇರ್ತೀಯ. ಅದರ ಬದಲು ನಿಂಗೆ ಬೇಕಾದಾಗ ಕರಿ. ಯಾವ ವಾರ, ಯಾವ ಹೊತ್ತು ಅಂತ ನೋಡಲ್ಲ. ಕೈಲಿರೋ ಕೆಲಸ ಬಿಟ್ಟು ಬಂದ್ಬಿಡ್ತೀನಿ."

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿದ ಮೇಲೆ ಹೇಳಿದಳು. "ಆಗ್ಲಿ ಬಿಡು. ನಿಂಗೂ ಕೆಲಸ ಜಾಸ್ತಿ."

ಎಷ್ಟು ಸುಲಭವಾಗಿ ಒಪ್ಪಿದಳು! ಜಗಳಕ್ಕೆ ಸಿದ್ಧವಾಗಿ ಹೋದವಳಿಗೆ ನಿರಾಸೆಯೇ ಆಯಿತು. ಎಲ್ಲರಿಗೂ ಒಳ್ಳೆಯದಾಗುವ ಏರ್ಪಾಡು, ನಾನು ಸುಮ್ಮನೆ ಹೆದರಿದ್ದೆ.

ಫೆಬ್ರವರಿ ೧೬, ಗುರುವಾರ

ಪೂಲಿನ ಕೋಡು ಬರೆದು ಮುಗಿಸಿದೆ. ಹೊಗಳಿಕೊಳ್ಳುವುದಾದರೆ ಇಲ್ಲೇ ಹೊಗಳಿಕೊಳ್ಳಬೇಕು, ಬೇರೆಯವರು ಓದುವುದಿಲ್ಲವಲ್ಲ: ಅಚ್ಚುಕಟ್ಟಾಗಿದೆ. ಹಳೆಯದರಲ್ಲಿ ಅಲ್ಲೊಂದು ಇಲ್ಲೊಂದು ಜಾಗ ಕಟ್ಟಿಟ್ಟಿದ್ದ ಅವ್ಯವಸ್ಥೆಯನ್ನೆಲ್ಲ ಗುಡಿಸಿಹಾಕಿದೆ. ಈಗ ಎಲ್ಲಕ್ಕೂ ಒಂದೇ ಪೂಲ್. ಬರುವ ಪ್ಯಾಕೆಟ್ಟಿಗೆ ಅಲ್ಲಿಂದ, ಹೋಗುವ ಪ್ಯಾಕೆಟ್ಟಿಗೆ ಅಲ್ಲಿಂದ, "ಒಂದು ಕಳೆಯಿತು" ಎಂದು ಲೆಕ್ಕಕ್ಕೆ ಕಳಿಸುವ ಪುಟ್ಟ ಚೀಟಿಗೂ ಅಲ್ಲಿಂದಲೇ. ಒಂದು ಮೂಲೆಯಲ್ಲೂ ಸುಮ್ಮನೆ ಬಿದ್ದಿರುವ ಜಾಗವಿಲ್ಲ.

ಆದರೂ ಸಂಕಟ ಹೋಗಿಲ್ಲ. ಗಡಿಯಾರ ಸರ್ ಗಿರಾಕಿಗೆ ಆಗಲೇ "ಒಂದೂವರೆ ಪಟ್ಟು ಮಷೀನು" ಎಂದು ಮಾತು ಕೊಟ್ಟುಬಿಟ್ಟಿದ್ದಾರೆ. ಮಾರ್ಚ್ ಕೊನೆಗೆ ಕರೆಗಳು ಇದರ ಮೇಲೆ ಓಡುತ್ತವೆ. ಬಿಡುಗಡೆಗೆ ಮೊದಲು "ಸರಿಯಿದೆ" ಎಂದು ಸಹಿ ಹಾಕಬೇಕಾದವಳು ನಾನು.

ಫೆಬ್ರವರಿ ೨೫, ಶನಿವಾರ

ಎರಡನೇ ಬಿಡುವಿನ ಶನಿವಾರ. ಮನೆ ಗುಡಿಸಿದೆ, ಒರೆಸಿದೆ, ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ಒಬ್ಬಳೇ ಇರುವ ಮನೆಯಲ್ಲಿ ಎಷ್ಟೆಂದು ಕಸ ಬಿದ್ದೀತು? ಅಕ್ಕ ಕರೆಯುತ್ತಾಳೇನೋ ಎಂದು ಸ್ನಾನಕ್ಕೆ ಹೋಗುವಾಗಲೂ ಫೋನ್ ಒಯ್ದೆ. ಕರೆಯಲಿಲ್ಲ. ಕೊನೆಗೆ ನಾನೇ ಮಾಡಿದೆ.

"ಎಲ್ಲಾ ಸರಿಯಾಗಿದೆ. ಅಪ್ಪ ಊಟ ಮಾಡಿದ್ರು. ನೀನು ಆರಾಮಾಗಿರು."

ಏರ್ಪಾಡು ಬದಲಾದಾಗಿನಿಂದ ಒಂದು ಸಲವೂ ಕರೆದಿಲ್ಲ. ಅಂದರೆ ಆ ಶನಿವಾರಗಳೆಲ್ಲ ನಿಜಕ್ಕೂ ದಂಡವೇ ಆಗಿದ್ದವು, ನಾನು ಹೇಳಿದ್ದೇ ಸರಿ. ಕೋಟು ಮಾತ್ರ ಬಂದಿಲ್ಲ. ಕೇಳಲು ಮರೆತೆ.

ಮಾರ್ಚ್ ೧, ಬುಧವಾರ

ಪರೀಕ್ಷೆಯ ಮೊದಲ ಫಲಿತಾಂಶ. ಮಷೀನುಗಳನ್ನು ಇರುಕಿ ತುಂಬಿ, ಮೇಲಿಂದ ಪ್ಯಾಕೆಟ್ಟುಗಳ ಜಡಿಮಳೆ ಸುರಿಸಿದರು. ಪರದೆಯ ಮೇಲೆ ಬಂದದ್ದು, "ಕಳೆದದ್ದು: ಸೊನ್ನೆ."

ಗಡಿಯಾರ ಸರ್ ಎಲ್ಲರಿಗೂ ಕೇಕ್ ತರಿಸಿದರು. ನನ್ನ ಬೆನ್ನು ತಟ್ಟಿದರು. ನನಗೆ ಅಳು ಬರುವಷ್ಟು ಸಮಾಧಾನವಾಯಿತು, ಕೇಕನ್ನು ಎರಡು ಸಲ ಹಾಕಿಸಿಕೊಂಡೆ.

ಅನುಮಾನಮ್ಮ ತಮ್ಮ ತುಂಡನ್ನು ಮುಟ್ಟಲಿಲ್ಲ. "ಸೊನ್ನೆ ಕಂಡ್ರೆ ನಂಗೆ ಭಯ ಕಣ್ರೀ. ಒಂದೆರಡಾದ್ರೂ ಕಳೆದಿದ್ರೆ ನೆಮ್ಮದಿಯಾಗಿರ್ತಿತ್ತು."

"ನಿಮಗೆ ದೇವರೇ ಬಂದು ಸರ್ಟಿಫಿಕೇಟ್ ಕೊಟ್ರೂ ಸೀಲು ಎಲ್ಲಿ ಅಂತೀರ" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು, ಆಮೇಲೆ ಕೇಕನ್ನು ಡಬ್ಬಿಗೆ ಹಾಕಿಕೊಂಡರು.

ಒಂದು ಸಣ್ಣ ವಿಷಯ. ಜಡಿಮಳೆಯ ಹೊತ್ತಿನಲ್ಲಿ ಫೈಲುಗಳು ಸ್ವಲ್ಪ ನಿಧಾನವಾಗಿ ತಲುಪಿದವಂತೆ. ನಿಧಾನವಾದರೇನು, ತಲುಪಿದವಲ್ಲ.

ಮಾರ್ಚ್ ೯, ಗುರುವಾರ

ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದೆ. ಬಹಳ ಹೊತ್ತು ರಿಂಗ್ ಆಗಿ, ನಿಲ್ಲುವ ಹೊತ್ತಿಗೆ ಎತ್ತಿದಳು.

"ಹೇಗಿದ್ದೀಯ ಅಕ್ಕ?"

"ಹೂಂ."

"ಅಪ್ಪ?"

"ಇದ್ದಾರೆ."

ಆಮೇಲೆ ಏನೂ ಇಲ್ಲ. ಲೈನ್ ಕಟ್ಟಾಯಿತೆಂದುಕೊಂಡೆ. ಉಸಿರು ಮಾತ್ರ ಕೇಳಿಸುತ್ತಿತ್ತು. "ಅಕ್ಕಾ, ಏನಾದ್ರೂ ಹೇಳ್ಬೇಕಾ?" ಎಂದೆ.

"ಏನಿಲ್ಲ ಬಿಡು. ಒಲೆ ಮೇಲೆ ಹಾಲಿದೆ."

ಇಟ್ಟುಬಿಟ್ಟಳು. ಮುಂಚೆಯೆಲ್ಲ ಫೋನ್ ಎತ್ತಿದರೆ ಭಾವನ ಹಡಗಿನಿಂದ ಶುರು ಮಾಡಿ ಮೇಲಿನ ಮನೆಯವರ ನಲ್ಲಿಯವರೆಗೆ ಊರ ಪುರಾಣವೆಲ್ಲ ಹೇಳುತ್ತಿದ್ದಳು, ನಾನು ಫೋನನ್ನು ಮೇಜಿನ ಮೇಲಿಟ್ಟು ಕೆಲಸ ಮಾಡಿಕೊಳ್ಳುತ್ತಿದ್ದೆ. ನನ್ನ ಮೇಲೆ ಸಿಟ್ಟೇ? ಕೋಟು ಕೇಳಿದರೆ ಎಲ್ಲಿ ತಪ್ಪು ತಿಳಿಯುತ್ತಾಳೋ ಎಂದು ಕೇಳಲಿಲ್ಲ.

ಸಹಿಗೆ ಇನ್ನು ವಾರವಷ್ಟೆ.

ಮಾರ್ಚ್ ೧೪, ಮಂಗಳವಾರ

ಇವತ್ತು ಅನುಮಾನಮ್ಮ ಯಾರನ್ನೂ ಕೇಳದೆ ಬೇರೆಯೇ ಪರೀಕ್ಷೆ ಹೂಡಿದರು. ಕಳೆದುಹೋದ ಫೈಲಿನ ತುಂಡನ್ನು ಕಳಿಸಿದವರು ಮತ್ತೆ ಕಳಿಸುತ್ತಾರೆ, ಹಾಗಾಗಿ ಕಳೆದದ್ದು ಯಾರಿಗೂ ಗೊತ್ತಾಗದೆ ತಡವಾಗುತ್ತದಷ್ಟೆ. ಫೋನಿನಲ್ಲಿ ಆಡಿದ ಮಾತು ಹಾಗಲ್ಲ, ಹೋದದ್ದು ಹೋಯಿತು. ಅದಕ್ಕೇ ಜಡಿಮಳೆಯ ನಡುವೆ ತಾವೇ ಒಂದು ಕರೆ ಮಾಡಿ, ಮನೆಯ ವಿಳಾಸ ಓದಿ, ಆಚೆ ತುದಿಯಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ನನ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, "ಕೇಳಿ" ಎಂದರು.

"ಬೇಗ ಬನ್ನಿ, ನಮ್ಮನೆ ಅಂಚೆ ಕಚೇರಿ ಹಿಂದಿನ ಬೀದಿ, ಮನೆ ನಂಬರು..."

ಆಮೇಲೆ ಏನೂ ಇಲ್ಲ. ಗರಗರ ಶಬ್ದವೂ ಇಲ್ಲ, ಖಾಲಿ.

"...ಹಸಿರು ಬಾಗಿಲು, ಬೇಗ."

ಮತ್ತೆ ಕೇಳಿದೆ. ಮತ್ತೆ ಕೇಳಿದೆ. ಮನೆ ನಂಬರು ಎಲ್ಲೂ ಇಲ್ಲ. ಎದುರಿನ ಪರದೆಯಲ್ಲಿ ಮಾತ್ರ ಅದೇ ಸಾಲು, "ಕಳೆದದ್ದು: ಸೊನ್ನೆ."

"ನಂಬರು ನಾನು ಓದಿದ್ದೀನಿ. ಬಾಯಾರೆ ಓದಿದ್ದೀನಿ" ಎಂದರು ಅನುಮಾನಮ್ಮ. "ಇಲ್ಲಿಂದ ಹೊರಟಿದೆ, ಅಲ್ಲಿಗೆ ಮುಟ್ಟಿಲ್ಲ, ಕಳೆದೂ ಇಲ್ಲ ಅನ್ನುತ್ತೆ. ಹಾಗಾದ್ರೆ ಎಲ್ಲಿ ಹೋಯ್ತು, ಹೇಳಿ?"

ಆ ಹಸಿರು ಬಾಗಿಲಿನ ಹಿಂದೆ ಯಾರಿರಬಹುದು ಎಂದೇ ಯೋಚನೆ. ಅಂಥ ಬಾಗಿಲು ಇಲ್ಲವೇ ಇಲ್ಲ, ಅವರು ಬಾಯಿಗೆ ಬಂದದ್ದು ಓದಿದ್ದು. ಆದರೂ.

ಮಾರ್ಚ್ ೧೫, ಬುಧವಾರ

ಸಿಕ್ಕಿತು. ಸಿಕ್ಕಿದ್ದಕ್ಕೆ ಸಂತೋಷಪಡಲಾರೆ.

ಬೆಳಗ್ಗೆಯಿಂದ ಅನುಮಾನಮ್ಮ, ನಾನು ಇಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೋಡನ್ನು ಸಾಲು ಸಾಲಾಗಿ ಓದಿದೆವು. ನಾನೇ ಬರೆದದ್ದು, ಆದರೆ ಯಾರದೋ ಎನ್ನುವ ಹಾಗೆ ಓದಿದೆ. ಪೂಲ್ ಖಾಲಿಯಾದಾಗ ಪ್ಯಾಕೆಟ್ಟಿಗೆ ಜಾಗ ಸಿಗುವುದಿಲ್ಲ, ಬಿಟ್ಟುಬಿಡುತ್ತದೆ. ಅದು ಗೊತ್ತಿದ್ದದ್ದೇ. ಬಿಟ್ಟ ಮೇಲೆ "ಒಂದು ಕಳೆಯಿತು" ಎಂದು ಚೀಟಿ ಬರೆಯಲು ಹೋಗುತ್ತದೆ. ಆ ಚೀಟಿಗೂ ಜಾಗ ಬೇಕಲ್ಲ. ಅದನ್ನೂ ಅದೇ ಪೂಲಿನಿಂದಲೇ ಕೇಳುತ್ತದೆ. ಖಾಲಿ. ಚೀಟಿಯೂ ಇಲ್ಲ. ಬಾಯಿ ಮುಚ್ಚಿಕೊಂಡು ಮುಂದೆ ಹೋಗುತ್ತದೆ.

ಅಚ್ಚುಕಟ್ಟು ಅಚ್ಚುಕಟ್ಟು ಎಂದು ಬೀಗಿದ್ದೆನಲ್ಲ, ಅದೇ. ಜಾಗವಿದ್ದಾಗ ದೂರಲು ಏನೂ ಇರುವುದಿಲ್ಲ, ದೂರಬೇಕಾದಾಗ ದೂರಲೂ ಜಾಗವಿಲ್ಲ. ಹಾಗಾಗಿ ಯಾವತ್ತೂ ಸೊನ್ನೆ.

ಅನುಮಾನಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿ ತೆಗೆದು ಎರಡು ಬಿಸ್ಕತ್ತು ಕೊಟ್ಟರು. "ತಿನ್ನಿ. ಮುಖ ನೋಡ್ಕೊಳ್ಳಿ ಒಂದ್ಸಲ."

ತಿಂದೆ.

ಮಾರ್ಚ್ ೧೭, ಶುಕ್ರವಾರ

ಗಡಿಯಾರ ಸರ್ ಎದುರು ಹೋಗಿ ನಿಂತೆ. ಸಹಿ ಹಾಕುವುದಿಲ್ಲ ಎಂದೆ. ಮೊದಲು ರೆಕಾರ್ಡಿಂಗ್ ಕೇಳಿಸಿದೆ, ಆಮೇಲೆ ವಿವರ ಹೇಳಿದೆ. ಕೇಳಿದ ಮೇಲೆ ಅವರು ಗಡಿಯಾರ ನೋಡಲಿಲ್ಲ.

"ಈಗ ಏನ್ಮಾಡೋಣ ಅಂತೀರ?"

"ಒಂದೊಂದು ಮಷೀನಿಗೂ ಸ್ವಲ್ಪ ಜಾಗ ಮೊದಲೇ ಎತ್ತಿಡೋಣ ಸರ್. ಯಾರೂ ಮುಟ್ಟಬಾರದು. ಅದರ ಮೇಲೆ ಬೇಕಾದ್ರೆ ಪೂಲಿಗೆ ಹೋಗ್ಲಿ. ಕಳೆದದ್ದರ ಲೆಕ್ಕಕ್ಕೆ ಬೇರೆಯೇ ಜಾಗ."

"ಒಂದೂವರೆ ಪಟ್ಟು ಹೋಯ್ತು ಹಾಗಾದ್ರೆ."

"ಹೋಯ್ತು. ಸ್ವಲ್ಪ ಹೆಚ್ಚು ಸಿಗುತ್ತೆ. ಅಷ್ಟೊಂದಲ್ಲ."

"ಆ ಎತ್ತಿಟ್ಟ ಜಾಗ ದಿನಾ ಸುಮ್ನೆ ಬಿದ್ದಿರುತ್ತಲ್ರೀ? ನೀವೇ ತಾನೆ ದಂಡ ಅಂದಿದ್ದು?"

"ಅಂದಿದ್ದೆ. ಬಿದ್ದಿರ್ಲಿ ಸರ್."

ನನ್ನ ಧ್ವನಿ ಇಷ್ಟು ಜೋರಾಗಿ ಬಂದೀತೆಂದು ನನಗೇ ಗೊತ್ತಿರಲಿಲ್ಲ. ಅವರು ಹಣೆ ಉಜ್ಜಿಕೊಂಡರು. ಗಿರಾಕಿಗೆ ಯಾವ ಮುಖ ಹೊತ್ತು ಹೇಳುವುದು ಎಂದು ಗೊಣಗಿದರು, ಮೂರು ಜನರ ಮೇಲೆ ರೇಗಿದರು, ಊಟದ ಹೊತ್ತಿಗೆ ಫೋನ್ ಮಾಡಿ ಹೇಳಿಯೇ ಹೇಳಿದರು. ಒಳ್ಳೆಯ ಮನುಷ್ಯ. ಹೊಸ ಹೆಸರು ಹುಡುಕಬೇಕು.

ಮಾರ್ಚ್ ೧೮, ಶನಿವಾರ

ಬೆಳಗ್ಗೆ ಎದ್ದವಳೇ ಬಸ್ಸು ಹತ್ತಿದೆ. ಕೋಟು ತರೋಣವೆಂದು.

ಬೆಲ್ ಒತ್ತಿದೆ. ಬಹಳ ಹೊತ್ತಾದ ಮೇಲೆ ಅಕ್ಕ ಬಾಗಿಲು ತೆಗೆದಳು. ಯಾರೋ ಅಂದುಕೊಂಡೆ. ಕಣ್ಣು ಗುಳಿಬಿದ್ದಿವೆ, ತಲೆ ಬಾಚಿ ಎಷ್ಟು ದಿನವಾಯಿತೋ. ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು.

"ನಾನು ಕರೆದಿರ್ಲಿಲ್ವಲ್ಲ" ಎಂದಳು.

"ಇಲ್ಲ. ಕೋಟು..." ಎಂದೆ. ಅಷ್ಟು ಹೇಳಿ ನಾಚಿಕೆಯಾಯಿತು.

ಹೊಲಿಗೆ ಯಂತ್ರದ ಮೇಲೆ ಮುಸುಕು ಹಾಕಿದೆ. ಪಕ್ಕದಲ್ಲಿ ಜನ ಕೊಟ್ಟ ಬಟ್ಟೆಗಳು ಗುಡ್ಡೆಯಾಗಿವೆ, ಅದರ ಅಡಿಯಲ್ಲೆಲ್ಲೋ ನನ್ನ ಕೋಟು, ಒಂದು ತೋಳು ಬಿಚ್ಚಿದ್ದು, ಒಂದು ಬಿಚ್ಚಬೇಕಾದ್ದು. ಅಪ್ಪ ಈಗ ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎಚ್ಚರವಿರುತ್ತಾರಂತೆ, ಏಳಲು ಹೋಗುತ್ತಾರಂತೆ. ಹಾಗೆ ಎದ್ದು ಜಾರಿದವರನ್ನು ಹಿಡಿಯಲು ಹೋಗಿ ಅಕ್ಕನ ಕೈ ಉಳುಕಿದೆ. ಆಗಿ ಎರಡು ವಾರದ ಮೇಲಾಯಿತು. ಅಂದರೆ ಹಾಲು ಒಲೆಯ ಮೇಲಿದೆ ಎಂದ ದಿನ ಆಗಲೇ ಉಳುಕಿತ್ತು.

"ಯಾಕಕ್ಕ ಹೇಳ್ಲಿಲ್ಲ? ಒಂದು ಫೋನ್ ಮಾಡಿದ್ರೆ ಹಾರಿ ಬರ್ತಿರ್ಲಿಲ್ವಾ?"

ಅಕ್ಕ ಗೋಡೆಗೆ ಒರಗಿದಳು. "ಹೇಳೋದಕ್ಕೂ ಒಂದು ಘಳಿಗೆ ಕೂತ್ಕೋಬೇಕಲ್ವೇನೇ. ಎಲ್ಲಿಂದ ಶುರು ಮಾಡ್ಲಿ, ನೀನು ಏನಂತ ಕೇಳ್ತೀಯ, ನಾನು ಏನಂತ ಹೇಳ್ಲಿ... ಅಷ್ಟಕ್ಕೂ ತ್ರಾಣ ಇರ್ಲಿಲ್ಲ. ಹೂಂ ಅಂದ್ಬಿಡೋದು ಸುಲಭ."

ಅಲ್ಲೇ ಜಾರಿ ಕೂತಳು. ಮಾತಿನ ನಡುವೆಯೇ ನಿದ್ದೆ ಬಂದುಬಿಟ್ಟಿತು, ಬಾಯಿ ಸ್ವಲ್ಪ ತೆರೆದು, ಚಿಕ್ಕವಳಿದ್ದಾಗ ಮಲಗುತ್ತಿದ್ದ ಹಾಗೆ. ಎತ್ತಿ ಹಾಸಿಗೆಗೆ ಒಯ್ಯಲು ನನ್ನಿಂದ ಆಗಲಿಲ್ಲ. ದಿಂಬು ತಂದು ತಲೆಯ ಕೆಳಗಿಟ್ಟೆ. ಪಕ್ಕದಲ್ಲಿ ಕೂತು ಅತ್ತೆ, ಸದ್ದಾಗದ ಹಾಗೆ.

ಅಪ್ಪ ಎದ್ದಾಗ ಮುಖ ಒರೆಸಿದೆ, ಊಟ ಮಾಡಿಸಿದೆ. "ಇವತ್ತು ಶನಿವಾರಾನಾ?" ಎಂದರು.

"ಹೌದಪ್ಪ."

"ಹಂಗಾದ್ರೆ ಸರಿ" ಎಂದರು.

ಆಫೀಸಿಗೆ ಒಂದು ವಾರ ರಜೆ ಹಾಕಿದೆ. ಎತ್ತಿಟ್ಟ ಜಾಗದ ಕೆಲಸವನ್ನು ಇಲ್ಲಿಂದಲೇ, ಅಪ್ಪನ ಕೋಣೆಯಲ್ಲಿ ಕೂತು ಮುಗಿಸುತ್ತೇನೆ ಎಂದೆ. ಅದು ರಜೆ ಹೇಗಾಗುತ್ತದೆ ಎಂದು ಗಡಿಯಾರ ಸರ್ ಕೇಳಿದರು. ನನಗೂ ಗೊತ್ತಿಲ್ಲ.

ಏಪ್ರಿಲ್ ೫, ಬುಧವಾರ

ಕರೆಕೇಂದ್ರದ ಕೆಲಸ ನಮ್ಮ ಮಷೀನುಗಳ ಮೇಲೆ ನಾಲ್ಕು ದಿನ ತಡವಾಗಿ ಶುರುವಾದರೂ ಶುರುವಾಯಿತು. ಇವತ್ತು ಬೆಳಗ್ಗೆ ಮಂಜು ಮುಸುಕಿದ ಹೆದ್ದಾರಿಯಲ್ಲಿ ವಾಹನಗಳು ಒಂದರ ಹಿಂದೊಂದು ಗುದ್ದಿಕೊಂಡವಂತೆ. ಕರೆಕೇಂದ್ರಕ್ಕೆ ಎಲ್ಲರೂ ಒಟ್ಟಿಗೇ ಫೋನ್ ಮಾಡಿದ್ದಾರೆ. ಎಲ್ಲರಿಗೂ ಒಟ್ಟಿಗೇ ಅವಸರ ಬಂತು, ಎಲ್ಲಾದರೂ ಉಂಟೇ ಎಂದಿದ್ದೆನಲ್ಲ. ಪರದೆಯ ಮುಂದೆ ಉಗುರು ಕಚ್ಚುತ್ತಾ ನಿಂತಿದ್ದೆ. ಪೂಲ್ ಖಾಲಿಯಾಯಿತು. ಎತ್ತಿಟ್ಟ ಜಾಗಗಳು ಒಂದೊಂದಾಗಿ ತುಂಬಿದವು. ಆದರೂ ತಡೆದುಕೊಂಡವು.

"ಕಳೆದದ್ದು: ೧೧" ಎಂದಿತು ಪರದೆ. ಹಳೆಯ ಫೈಲು ನಕಲು ಮಾಡುತ್ತಿದ್ದ ಒಂದು ಮಷೀನಿನವು, ಮತ್ತೆ ಕಳಿಸಿ ಸರಿಹೋದವು. ಕರೆಗಳಲ್ಲಿ ಒಂದೂ ಇಲ್ಲ.

ಅನುಮಾನಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಹನ್ನೊಂದು! ಈಗ ಕೇಕ್ ತರಿಸಿ, ತಿಂತೀನಿ."

ಊಟದ ಹೊತ್ತಿಗೆ ಅಕ್ಕನ ಫೋನು. ಅವಳಾಗಿಯೇ ಮಾಡಿದ್ದು. ಭಾವ ಹಡಗಿನಿಂದ ಕಳಿಸಿದ ಒಂದು ಸಾಲಿನ ಸಂದೇಶದಿಂದ ಶುರು ಮಾಡಿ, ಅಪ್ಪನ ಹಟ, ಮೇಲಿನ ಮನೆಯವರ ನಲ್ಲಿ, ಉಳುಕಿದ ಕೈ, ಕೊನೆಗೆ ನಾನು ಪಾತ್ರೆ ತೊಳೆಯುವ ರೀತಿಯವರೆಗೆ ಬಂದು ನಿಂತಳು. "ತಲೆ ಕೆಟ್ಟು ಹೋಗಿದೆ ಕಣೇ ನಂಗೆ!" ನನ್ನ ಊಟ ಆರಿ ತಣ್ಣಗಾಯಿತು. ಫೋನನ್ನು ಮೇಜಿನ ಮೇಲಿಡಲಿಲ್ಲ. ಇಷ್ಟು ದೂರುವ ಅಭ್ಯಾಸ ಇವಳಿಗೆ ಎಲ್ಲಿಂದ ಬಂತೋ.

ಏಪ್ರಿಲ್ ೮, ಶನಿವಾರ

ಅಕ್ಕನ ಮನೆಗೆ ಹೋಗಿದ್ದೆ. ಕರೆದಿರಲಿಲ್ಲ. ಅಪ್ಪ ಗೊರಕೆ ಹೊಡೆಯುತ್ತಿದ್ದರು. ಅಕ್ಕ ನನ್ನ ಕೋಟಿನ ಎರಡನೇ ತೋಳು ಹೊಲಿಯುತ್ತಿದ್ದಳು, ನಿಧಾನವಾಗಿ. ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿತ್ತು. ನನಗೆ ಮಾಡಲು ಏನೂ ಕೆಲಸವಿರಲಿಲ್ಲ. ಸಂಜೆಯವರೆಗೆ ಕೂತಿದ್ದು ಬಂದೆ.